ಇಲಿಯ ಬಾಣಂತನ: ಏನೋ ಎಡವಟ್ಟಾಗಿದೆ ಅನ್ನಿಸಿದಾಗ ಮೊದಲು ಎಲ್ಲಿ ನೋಡಬೇಕು?

"ಎರಡೂ ಹೆಣ್ಣೇ ಸಾರ್, ಧೈರ್ಯವಾಗಿ ತಗೊಂಡ್ ಹೋಗಿ" ಅಂತ ಅಂಗಡಿಯವನು ಕೊಟ್ಟ ಜೋಡಿ ಇಲಿಗಳಲ್ಲಿ ಒಂದು ಗಂಡಾಗಿತ್ತು. ಅದು ನನ್ನ ತಲೆಗೆ ಹೊಳೆಯುವಷ್ಟರಲ್ಲಿ ಇನ್ನೊಂದರ, ಅಂದರೆ ನಮ್ಮ ಕೊಬ್ರಿಯ, ಹೊಟ್ಟೆ ಎರಡೂ ಪಕ್ಕಕ್ಕೆ ಉಬ್ಬಿತ್ತು. "ಗಬ್ಬ ಆಗಿದೆ ಕಣೋ, ಕಣ್ಣು ಕಾಣಲ್ವಾ ನಿಂಗೆ?" ಅಂತ ಅಮ್ಮ ಹೇಳಬೇಕಾಯಿತು. ಸಂಕ್ರಾಂತಿಗೆ ಎರಡು ದಿನ ಇರುವಾಗ 11 ಮರಿ ಹಾಕಿತು.

ಆಮೇಲಿನ ಐದು ವಾರದಲ್ಲಿ ನಾನು ಇಪ್ಪತ್ತು ಸಲವಾದರೂ ಗಾಬರಿ ಬಿದ್ದಿದ್ದೇನೆ. ಅದರಲ್ಲಿ ನಿಜವಾದ ತೊಂದರೆ ಮೂರೋ ನಾಲ್ಕೋ. ಉಳಿದದ್ದೆಲ್ಲ ಸುಮ್ನೆ. ಕೆಲವು ಸಲ ಗಾಬರಿಯಲ್ಲಿ ನಾನು ಮಾಡಿದ ಕೆಲಸವೇ ತೊಂದರೆಯಾಯಿತು. ಹಾಗಾಗಿ ಇಲ್ಲಿ ಬರೆದಿರುವುದು ಇಲಿ ಸಾಕುವ ಪಾಠವಲ್ಲ. ಏನೋ ಕೆಟ್ಟಿದೆ ಅನ್ನಿಸಿದಾಗ ನಿಜಕ್ಕೂ ಕೆಟ್ಟಿದೆಯಾ, ಕೆಟ್ಟಿದ್ದರೆ ಎಲ್ಲಿ, ಕೈ ಹಾಕಬೇಕಾ ಬಿಡಬೇಕಾ ಅಂತ ತಿಳಿಯುವ ದಾರಿ.

ಎಲ್ಲಕ್ಕಿಂತ ಮೊದಲು: ಹೊಟ್ಟೆಯ ಬಿಳಿ ಪಟ್ಟಿ

ಹುಟ್ಟಿದ ಮರಿ 5–6 ಗ್ರಾಂ ಇರುತ್ತದೆ. ಕೂದಲಿಲ್ಲ, ಕಣ್ಣು ತೆರೆದಿಲ್ಲ, ಕಿವಿ ಮಡಚಿಕೊಂಡಿದೆ. ಚರ್ಮ ಎಷ್ಟು ತೆಳುವೆಂದರೆ ಒಳಗಿನದು ಹೊರಗೆ ಕಾಣುತ್ತದೆ. ಮರಿಯನ್ನು ಅಂಗೈ ಮೇಲೆ ಇಟ್ಟುಕೊಂಡು ಅದರ ಎಡ ಪಕ್ಕ, ಪಕ್ಕೆಲುಬಿನ ಕೆಳಗೆ ನೋಡಿ. ಗುಲಾಬಿ ಚರ್ಮದೊಳಗೆ ಅನ್ನದ ಅಗುಳಿನ ಹಾಗೆ ಒಂದು ಬಿಳಿ ಕಲೆ ಕಾಣುತ್ತದೆ. ಅದು ಹೊಟ್ಟೆಯಲ್ಲಿರುವ ಹಾಲು. ಚೆನ್ನಾಗಿ ಕುಡಿದ ಮರಿಯಲ್ಲಿ ಅಡ್ಡ ಪಟ್ಟಿಯಷ್ಟು ಅಗಲ ಇರುತ್ತದೆ. ಕುಡಿಯದಿದ್ದರೆ ಕಾಣುವುದೇ ಇಲ್ಲ.

ಇದೇ ನಿಮ್ಮ ಮೀಟರ್. ತಾಯಿ ಗೂಡಲ್ಲಿ ಇಲ್ಲ, ಮರಿ ಕಿರುಚುತ್ತಿದೆ, ತಾಯಿ ಮರಿಯನ್ನು ತುಳಿಯಿತು, ಹೀಗೆ ಏನೇ ದೂರು ಇದ್ದರೂ ಮೊದಲು ಪಟ್ಟಿ ನೋಡಿ. ಎಲ್ಲ ಮರಿಗಳಲ್ಲೂ ಪಟ್ಟಿ ಇದ್ದು ಮೈ ಬೆಚ್ಚಗಿದ್ದರೆ ಮುಚ್ಚಳ ಹಾಕಿ ಎದ್ದು ಹೋಗಿ. ಸುಮಾರು ಒಂದು ವಾರ ಈ ಪಟ್ಟಿ ಕಾಣುತ್ತದೆ. ಕಪ್ಪು ಬಣ್ಣದ ಮರಿಗಳಲ್ಲಿ ಚರ್ಮ ಬೇಗ ಕಪ್ಪಾಗುವುದರಿಂದ ಇನ್ನೂ ಮುಂಚೆಯೇ ಮಾಯವಾಗುತ್ತದೆ. ಆಮೇಲೆ ಅಡುಗೆಮನೆಯ ಡಿಜಿಟಲ್ ತಕ್ಕಡಿಯೇ ಗತಿ. ದಿನಕ್ಕೆ ಒಂದು ಸಲ, ಒಂದೇ ಹೊತ್ತಿಗೆ ತೂಗಿ. ತೂಕ ದಿನದಿನಕ್ಕೆ ಏರುತ್ತಿರಬೇಕು. ಒಂದು ವಾರ ತುಂಬುವ ಹೊತ್ತಿಗೆ ಹುಟ್ಟಿದಾಗಿನ ಎರಡರಷ್ಟಾದರೂ ಆಗಿರಬೇಕು.

ಮುಟ್ಟಿದರೆ ತಾಯಿ ಮರಿಗಳನ್ನು ತಿಂದುಬಿಡುತ್ತದೆ ಅಂತ ಹೇಳುವವರು ಜಾಸ್ತಿ. ನಿಮ್ಮ ಕೈಗೆ ಒಗ್ಗಿದ ಇಲಿ ಹಾಗೆ ಮಾಡುವುದು ಅಪರೂಪ. ಕೈ ತೊಳೆದು, ಗೂಡಿನ ಹಳೇ ಪೇಪರ್ ಚೂರನ್ನು ಅಂಗೈಗೆ ಉಜ್ಜಿಕೊಳ್ಳಿ. ತಾಯಿಗೆ ಆಚೆ ಒಂದು ತುಂಡು ಮೊಟ್ಟೆ ಕೊಟ್ಟು, ಅದು ತಿನ್ನುವಷ್ಟರಲ್ಲಿ ನೋಡಿ ಮುಗಿಸಿ. ಐದು ನಿಮಿಷ ಸಾಕು.

"ಹೊಟ್ಟೆ ದಪ್ಪ ಆಗಿದೆ. ಗಬ್ಬವೋ, ಕೊಬ್ಬೋ, ಕಾಯಿಲೆಯೋ?"

ಇಲಿ ಗಬ್ಬ ಕಟ್ಟಿದರೆ 21ರಿಂದ 23 ದಿನಕ್ಕೆ ಮರಿ ಹಾಕುತ್ತದೆ. ಹೊಟ್ಟೆ ಎದ್ದು ಕಾಣುವುದು ಎರಡು ವಾರ ಕಳೆದ ಮೇಲೆ. ಅಂದರೆ ನಿಮಗೆ ಅನುಮಾನ ಬಂದ ದಿನದಿಂದ ಕೈಯಲ್ಲಿರುವುದು ಒಂದು ವಾರವಷ್ಟೇ.

ಗಬ್ಬದ ಹೊಟ್ಟೆ ಎರಡೂ ಪಕ್ಕಕ್ಕೆ, ಗೋಣಿಚೀಲ ಹೊತ್ತ ಕತ್ತೆಯ ಹಾಗೆ ಉಬ್ಬುತ್ತದೆ. ಮೇಲಿನಿಂದ ನೋಡಿದರೆ ಚೆನ್ನಾಗಿ ಗೊತ್ತಾಗುತ್ತದೆ. ಹೆಣ್ಣಿಲಿಗೆ 12 ಮೊಲೆತೊಟ್ಟು. ಅವು ಎದ್ದು ಕಾಣುತ್ತವೆ, ಸುತ್ತಲಿನ ಕೂದಲು ತೆಳುವಾಗುತ್ತದೆ. ಕೊನೆಯ ವಾರ ತೂಕ ದಿನದಿನಕ್ಕೂ ಏರುತ್ತದೆ, ಪೇಪರ್ ಎಳೆದು ಗೂಡು ಕಟ್ಟುವ ಹುಚ್ಚು ಹಿಡಿಯುತ್ತದೆ. ಕೊಬ್ರಿ ನನ್ನ ಶರ್ಟಿನ ಜೇಬಿನಿಂದ ಬಸ್ ಟಿಕೆಟ್ ಕದ್ದು ಗೂಡಿಗೆ ಹಾಸಿತ್ತು.

ಉಬ್ಬು ಒಂದೇ ಕಡೆ ಇದ್ದು, ಬೆರಳಿಗೆ ಗೋಲಿಯ ಹಾಗೆ ಸಿಕ್ಕಿದರೆ ಅದು ಗಡ್ಡೆ ಇರಬಹುದು. ಹೆಣ್ಣಿಲಿಗಳಲ್ಲಿ ಮೊಲೆಯ ಗಡ್ಡೆ ತುಂಬಾ ಸಾಮಾನ್ಯ, ಕಂಕುಳು, ತೊಡೆಸಂದು ಎಲ್ಲಿ ಬೇಕಾದರೂ ಬರುತ್ತದೆ. ಹೊಟ್ಟೆ ದಪ್ಪಗಿದ್ದು ಇಲಿ ಮಂಕಾಗಿದ್ದರೆ, ಹಿಂದಿನಿಂದ ಕೀವೋ ವಾಸನೆಯ ದ್ರವವೋ ಬರುತ್ತಿದ್ದರೆ ಗರ್ಭಕೋಶದ ಸೋಂಕು. ಎರಡಕ್ಕೂ ಡಾಕ್ಟರ್ ಬೇಕು.

ಯಾವತ್ತು ಗಬ್ಬವಾಯಿತು ಅಂತ ಗೊತ್ತಿಲ್ಲದಿದ್ದರೆ ಗಂಡನ್ನು ಬೇರೆ ಮಾಡಿದ ದಿನದಿಂದ 23 ದಿನ ಎಣಿಸಿ. ಅದು ಕೊನೆಯ ಗಡುವು. ಇನ್ನೊಂದು ಮಾತು: ಗಂಡನ್ನು ಹೆರಿಗೆಗೆ ಮುಂಚೆಯೇ ತೆಗೆಯಬೇಕು. ಮರಿ ಹಾಕಿದ 24 ಗಂಟೆಯೊಳಗೆ ತಾಯಿ ಮತ್ತೆ ಬೆದೆಗೆ ಬರುತ್ತದೆ. "ಪಾಪ, ಅಪ್ಪನೂ ಮರಿಗಳನ್ನು ನೋಡಲಿ" ಅಂತ ಬಿಟ್ಟರೆ ಇವು ಹಾಲು ಬಿಡುವ ಹೊತ್ತಿಗೆ ಇನ್ನೊಂದು ಡಜನ್ ತಯಾರು. ಹಾಗೆ ಹಾಲೂಡಿಸುತ್ತಲೇ ಗಬ್ಬವಾದ ಇಲಿಗೆ 23 ದಿನದ ಲೆಕ್ಕ ಹೊಂದುವುದಿಲ್ಲ, ಕೆಲವು ದಿನ ಜಾಸ್ತಿ ಹಿಡಿಯುತ್ತದೆ.

"ತಿಣುಕುತ್ತಿದೆ, ಮರಿ ಬರುತ್ತಿಲ್ಲ"

ಇಲ್ಲಿ ಮಾತ್ರ ಕಾಯುತ್ತಾ ಕೂರಬೇಡಿ. ಸರಿಯಾದ ಹೆರಿಗೆ ಸಾಮಾನ್ಯವಾಗಿ ಒಂದೆರಡು ಗಂಟೆಯಲ್ಲಿ ಮುಗಿಯುತ್ತದೆ. ಇಲಿ ಮೈ ಉದ್ದಕ್ಕೆ ಚಾಚುತ್ತದೆ, ಪಕ್ಕೆ ಒಳಕ್ಕೆ ಎಳೆದುಕೊಳ್ಳುತ್ತದೆ, ಸ್ವಲ್ಪ ರಕ್ತ ಕಾಣುತ್ತದೆ. ಮರಿ ಬಂದ ಕೂಡಲೇ ನೆಕ್ಕಿ, ಸತ್ತೆಯನ್ನು, ಅಂದರೆ ಮರಿಯ ಜೊತೆ ಬರುವ ಮಾಸನ್ನು, ತಿಂದುಬಿಡುತ್ತದೆ. ನೋಡಲು ಒಂಥರಾ ಆಗುತ್ತದೆ, ಆದರೆ ಅದೇ ಸರಿ.

ಒಂದು ಗಂಟೆ ಬಿಡದೆ ತಿಣುಕಿದರೂ ಒಂದೂ ಮರಿ ಇಲ್ಲ, ಅಥವಾ ಕೆಂಪು ರಕ್ತ ನಿಲ್ಲದೆ ಹರಿಯುತ್ತಿದೆ, ಅಥವಾ ಮರಿ ಅರ್ಧ ಬಂದು ಸಿಕ್ಕಿಕೊಂಡಿದೆ, ಅಥವಾ ತಾಯಿ ಸುಸ್ತಾಗಿ ತಣ್ಣಗಾಗುತ್ತಿದೆ ಅಂದರೆ ಪೇಪರ್ ಹಾಸಿದ ಡಬ್ಬದಲ್ಲಿ ಹಾಕಿಕೊಂಡು ಹೊರಡಿ. ಎಳೆಯಲು ಹೋಗಬೇಡಿ. ಹಸುವಿಗೆ ಹೆರಿಗೆ ಮಾಡಿಸಿದ ಅನುಭವ ಇರುವ ದೊಡ್ಡಪ್ಪ ಮನೆಯಲ್ಲಿದ್ದರೂ ಬೇಡ.

ಎಲ್ಲ ಪಶುವೈದ್ಯರೂ ಇಲಿ ನೋಡುವುದಿಲ್ಲ. ದನ, ನಾಯಿ, ಬೆಕ್ಕಿಗೆ ಅಭ್ಯಾಸವಾದವರೇ ಜಾಸ್ತಿ. ಹಾಗಾಗಿ ಹೊಟ್ಟೆ ಕಂಡ ದಿನವೇ ನಾಲ್ಕು ಕಡೆ ಫೋನ್ ಮಾಡಿ, ಮೊಲ, ಹ್ಯಾಮ್‌ಸ್ಟರ್ ನೋಡುವ ಡಾಕ್ಟರ್ ಯಾರು, ರಾತ್ರಿ ಸಿಗುತ್ತಾರಾ ಅಂತ ಕೇಳಿಟ್ಟುಕೊಳ್ಳಿ. ನಾನು ಕೇಳಿದಾಗ ಒಬ್ಬರು ನಕ್ಕರು. ಇನ್ನೊಬ್ಬರು "ಇಲಿಗೆ ಪಾಷಾಣ ಬೇಕಾ?" ಅಂದರು. ಮೂರನೆಯವರು ಸರಿಯಾದ ಪ್ರಶ್ನೆ ಕೇಳಿದರು: "ಎಷ್ಟು ಹೊತ್ತಿಂದ ತಿಣುಕ್ತಿದೆ?" ಇನ್ನೂ ತಿಣುಕುತ್ತಿಲ್ಲ ಅಂದೆ. "ಹಾಗಾದ್ರೆ ನಂಬರ್ ಸೇವ್ ಮಾಡ್ಕೊಳ್ಳಿ" ಅಂದರು.

"ತಾಯಿ ಮರಿಗಳ ಮೇಲೆ ಕೂರುತ್ತಲೇ ಇಲ್ಲ"

ಪಟ್ಟಿ ನೋಡಿದಿರಾ? ಇದ್ದರೆ ಇದು ದೋಷವಲ್ಲ. ಬಾಣಂತಿಗೂ ಎದ್ದು ಓಡಾಡುವ ಆಸೆ ಇರುತ್ತದೆ, ಅಲ್ವಾ? ದಿನ ಕಳೆದಂತೆ ತಾಯಿ ಗೂಡಿನ ಹೊರಗೆ ಇರುವ ಹೊತ್ತು ಜಾಸ್ತಿಯಾಗುತ್ತಾ ಹೋಗುತ್ತದೆ. ಅದಕ್ಕೆ ಮರಿಗಳು ಹತ್ತಲಾಗದ ಒಂದು ಅಟ್ಟ ಕಟ್ಟಿಕೊಡಿ.

ಹಾಗಂತ ಮೌನವನ್ನು ನಂಬಬೇಡಿ. ಚಳಿಯಾದ ಮರಿ ತಾಯಿಯನ್ನು ಕರೆಯುವುದು ಸುಮಾರು 40 ಕಿಲೋಹರ್ಟ್ಸ್‌ನಲ್ಲಿ. ನಮ್ಮ ಕಿವಿ 20ಕ್ಕೆ ನಿಂತುಹೋಗುತ್ತದೆ. ನಮಗೆ ಕೇಳುವ ಕಿಚಿಕಿಚಿ ಬಹಳ ಸಲ ತಾಯಿ ಮೇಲೆ ಕೂತಾಗ, ತುಳಿದಾಗ ಬರುವ ತಕರಾರು. ಅದು ಒಳ್ಳೆಯ ಸದ್ದು. ಹೆದರಬೇಕಾದದ್ದು ತಣ್ಣಗೆ ಸುಮ್ಮನೆ ಬಿದ್ದ ಮರಿಗೆ.

"ಪಟ್ಟಿ ಇಲ್ಲ"

ಇಲ್ಲಿ ಒಂದು ಪ್ರಶ್ನೆ ಕೇಳಿಕೊಂಡರೆ ಅರ್ಧ ಕೆಲಸ ಮುಗಿಯಿತು: ಎಲ್ಲ ಮರಿಗೂ ಇಲ್ಲವಾ, ಒಂದೆರಡಕ್ಕೆ ಮಾತ್ರ ಇಲ್ಲವಾ?

ಎಲ್ಲಕ್ಕೂ ಇಲ್ಲದಿದ್ದರೆ ತೊಂದರೆ ತಾಯಿಯಲ್ಲಿದೆ. ಹೆರಿಗೆಯಾದ ಮೊದಲ ಕೆಲವು ಗಂಟೆ ಬಿಡಿ, ಆಗ ಇಲ್ಲದಿರುವುದು ಸಹಜ. ಅರ್ಧ ದಿನ ಕಳೆದರೂ ಇಲ್ಲವೆಂದರೆ ಹುಡುಕಬೇಕು. ನನಗೆ ನಾಲ್ಕನೇ ದಿನ ಹೀಗಾಯಿತು. ಹಿಂದಿನ ದಿನ ದಪ್ಪಗಿದ್ದ ಪಟ್ಟಿಗಳು ಬೆಳಗ್ಗೆ ಗೆರೆಯಷ್ಟಾಗಿದ್ದವು. ಮೊಟ್ಟೆ ಕೊಟ್ಟೆ, ಮುಟ್ಟಲಿಲ್ಲ. ಗಾಬರಿಯಲ್ಲಿ ಹಾಲಿನ ಪುಡಿ ತರಲು ಹೊರಟವನು ಚಪ್ಪಲಿ ಹಾಕಿಕೊಳ್ಳುವಾಗ ನೀರಿನ ಬಾಟಲಿ ಕಡೆ ನೋಡಿದೆ. ನಿನ್ನೆ ಎಲ್ಲಿತ್ತೋ ನೀರು ಅಲ್ಲೇ ಇದೆ. ಕೊಳವೆಯ ತುದಿಯ ಗುಂಡನ್ನು ಬೆರಳಿನಿಂದ ಒತ್ತಿದೆ, ಅಲುಗಲಿಲ್ಲ. ನಮ್ಮದು ಬೋರ್‌ವೆಲ್ ನೀರು. ಬಿಳಿ ಉಪ್ಪು ಕಟ್ಟಿ ಗುಂಡು ಹಿಡಿದುಕೊಂಡಿತ್ತು. ಬಟ್ಟಲಲ್ಲಿ ನೀರು ಇಟ್ಟ ಕೂಡಲೇ ಕೊಬ್ರಿ ಮುಖ ಎತ್ತದೆ ಕುಡಿಯಿತು. ಸಂಜೆ ಹೊತ್ತಿಗೆ ಪಟ್ಟಿ ವಾಪಸ್ಸು. ಬೆಟ್ಟ ಅಗೆದು ಇಲಿ ಹಿಡಿಯಲು ಹೊರಟಿದ್ದೆ, ಸಿಕ್ಕಿದ್ದು ಅರ್ಧ ಚಮಚ ಉಪ್ಪು. ಈಗ ದಿನಾ ಗುಂಡು ಒತ್ತಿ ನೋಡುತ್ತೇನೆ, ವಾರಕ್ಕೊಮ್ಮೆ ಕೊಳವೆಯನ್ನು ನಿಂಬೆರಸದಲ್ಲಿ ನೆನೆಸಿ ಚೆನ್ನಾಗಿ ತೊಳೆಯುತ್ತೇನೆ.

ನೀರು ಸರಿಯಿದ್ದರೆ ಊಟ ನೋಡಿ. ಹಾಲೂಡಿಸುವ ಇಲಿ ಮೊದಲಿನ ಎರಡು ಮೂರು ಪಟ್ಟು ತಿನ್ನುತ್ತದೆ. ಪ್ಯಾಕೆಟ್‌ನ ಸೂರ್ಯಕಾಂತಿ ಬೀಜದ ಮಿಶ್ರಣದಲ್ಲಿ ಬಾಣಂತನ ನಡೆಯುವುದಿಲ್ಲ. ಬೇಯಿಸಿದ ಮೊಟ್ಟೆ, ಉಪ್ಪು ಖಾರ ಇಲ್ಲದ ಬೇಳೆ ಅನ್ನ, ರಾಗಿ ಗಂಜಿ, ಬೇಯಿಸಿದ ಕೋಳಿಯ ಚೂರು, ಹೆಸರುಕಾಳಿನ ಮೊಳಕೆ ಇಷ್ಟಿದ್ದರೆ ಸಾಕು. ಅಮ್ಮ ಬಾಣಂತಿ ಲೇಹ್ಯ ಕೊಡೋಣವಾ ಅಂತ ಕೇಳಿದರು. ತಮಾಷೆಗೆ ಕೇಳಿದರೋ ನಿಜವಾಗಿಯೋ ಇನ್ನೂ ಗೊತ್ತಾಗಿಲ್ಲ. ಕೊಡಲಿಲ್ಲ.

ಆಮೇಲೆ ತಾಯಿಯ ಹೊಟ್ಟೆ ಮುಟ್ಟಿ ನೋಡಿ. ಒಂದು ಮೊಲೆ ಕೆಂಪಗೆ, ಬಿಸಿಯಾಗಿ, ಗಟ್ಟಿಯಾಗಿದ್ದರೆ ಕೆಚ್ಚಲು ಬಾವು. ಬೆನ್ನು ಗೂನು ಮಾಡಿ ಕೂತು, ಕೂದಲು ನೆಟ್ಟಗಾಗಿ, ಹಿಂದಿನಿಂದ ಕೆಟ್ಟ ವಾಸನೆ ಬರುತ್ತಿದ್ದರೆ ಒಳಗೆ ಸತ್ತೆಯೋ ಮರಿಯೋ ಉಳಿದಿರಬಹುದು. ಎರಡೂ ಅವತ್ತೇ ಡಾಕ್ಟರಿಗೆ.

ಒಂದೆರಡು ಮರಿಗೆ ಮಾತ್ರ ಪಟ್ಟಿ ಇಲ್ಲದಿದ್ದರೆ ಅದು ನೂಕುನುಗ್ಗಲಿನ ಸಮಸ್ಯೆ. 12 ತೊಟ್ಟಿಗೆ 14 ಮರಿ ಇದ್ದರಂತೂ ಸರಿಯೇ ಸರಿ. ಹೊಟ್ಟೆ ತುಂಬಿದ ದೊಡ್ಡ ಮರಿಗಳಲ್ಲಿ ಅರ್ಧವನ್ನು ಎತ್ತಿ, ಬೆಚ್ಚಗಿನ ಬಟ್ಟೆಯಲ್ಲಿ ಸುತ್ತಿ, ಒಂದು ಡಬ್ಬದಲ್ಲಿ ಇಪ್ಪತ್ತು ನಿಮಿಷ ಇಡಿ. ಆ ಹೊತ್ತಲ್ಲಿ ಸಣ್ಣವು ಕುಡಿಯಲಿ. ಆಮೇಲೆ ಎಲ್ಲವನ್ನೂ ಸೇರಿಸಿ. ದಿನಕ್ಕೆ ಎರಡು ಮೂರು ಸಲ ಮಾಡಿದರೆ ಬಹಳಷ್ಟು ಮರಿಗಳು ಎದ್ದು ನಿಲ್ಲುತ್ತವೆ.

ಕೈಯಿಂದ ಹಾಲು ಕೊಡುವುದು ಕೊನೆಯ ದಾರಿ. ಮೊದಲ ವಾರದ ಮರಿಗಳಲ್ಲಿ ಇದು ಸೋಲುವುದೇ ಜಾಸ್ತಿ. ಹಾಲು ಬರುವ ಇನ್ನೊಂದು ತಾಯಿ ಇಲಿ ಯಾರ ಬಳಿಯಾದರೂ ಇದ್ದರೆ ಅದರ ಗೂಡಿಗೆ ಸೇರಿಸುವುದೇ ಮೇಲು. ಬೇರೆ ದಾರಿ ಇಲ್ಲವೆಂದರೆ ಬೆಕ್ಕಿನ ಮರಿಗೆ ಕೊಡುವ ಹಾಲಿನ ಪುಡಿ ತನ್ನಿ. ಹಸುವಿನ ಹಾಲು ಬೇಡ, ಭೇದಿಯಾಗುತ್ತದೆ. ಮೊದಲು ಮರಿಯನ್ನು ಬೆಚ್ಚಗೆ ಮಾಡಿ, ಆಮೇಲೆ ಹಾಲು. ತಣ್ಣಗಿರುವ ಮರಿಗೆ ಹಾಲು ಜೀರ್ಣವಾಗುವುದಿಲ್ಲ. ಹೊಟ್ಟೆ ಕೆಳಗೆ ಮಾಡಿ ಹಿಡಿದು, ಸಣ್ಣ ಪೇಂಟಿಂಗ್ ಬ್ರಷ್‌ನ ತುದಿಯಲ್ಲಿ ಒಂದೊಂದೇ ಹನಿ ಚೀಪಿಸಿ. ಮೂಗಿನಿಂದ ಹಾಲು ಬಂದರೆ ನಿಲ್ಲಿಸಿ ಒರೆಸಿ. ಮೊದಲ ವಾರ ಎರಡು ಗಂಟೆಗೊಮ್ಮೆ, ರಾತ್ರಿಯೂ. ಪ್ರತಿ ಸಲವೂ ಒದ್ದೆ ಹತ್ತಿಯಿಂದ ಹಿಂಭಾಗವನ್ನು ಮೆಲ್ಲಗೆ ಒರೆಸಬೇಕು. ತಾಯಿ ನೆಕ್ಕದಿದ್ದರೆ ಮರಿಗೆ ತಾನಾಗಿ ಉಚ್ಚೆ ಬರುವುದಿಲ್ಲ.

"ಒಂದು ಮರಿ ಕಾಣುತ್ತಿಲ್ಲ"

ಸಂಕ್ರಾಂತಿ ದಿನ ಎಳ್ಳು ಬೀರಲು ಬಂದ ಮಕ್ಕಳೆಲ್ಲ "ಅಂಕಲ್, ಪಾಪು ಇಲಿ ತೋರ್ಸಿ" ಅಂದರು. ನಾನೂ ಉಬ್ಬಿಹೋದೆ. ಆರೇಳು ಸಲ ಮುಚ್ಚಳ ತೆಗೆದೆ. ರಾತ್ರಿ ಎಣಿಸಿದರೆ 10. ಗೂಡಿನ ಮೂಲೆಯಲ್ಲಿ ಒಂದು ಸಣ್ಣ ಕಾಲು ಮಾತ್ರ ಇತ್ತು.

ತಾಯಿ ಮರಿ ತಿನ್ನುವುದಕ್ಕೆ ಕಾರಣ ಸಾಮಾನ್ಯವಾಗಿ ಎರಡು. ಮರಿ ಸತ್ತಿತ್ತು ಅಥವಾ ಬದುಕುವ ಹಾಗಿರಲಿಲ್ಲ, ಗೂಡು ಕೊಳೆಯದಿರಲಿ ಅಂತ ತಿಂದಿತು. ಇಲ್ಲವೇ ಹೆದರಿಕೆ, ಗಲಾಟೆ, ಹಸಿವು. ನನ್ನದು ಯಾವುದು ಅಂತ ಗೊತ್ತಿಲ್ಲ, ಆದರೆ ಎರಡನೆಯದಲ್ಲ ಅಂತ ಹೇಳುವ ಧೈರ್ಯವೂ ಇಲ್ಲ. ಒಂದು ಹೋದರೆ ತಾಯಿಯನ್ನು ಮರಿಗಳಿಂದ ಬೇರೆ ಮಾಡಬೇಡಿ. ಪಂಜರವನ್ನು ಕತ್ತಲೆಯ, ಸದ್ದಿಲ್ಲದ ಕಡೆ ಇಡಿ, ಬಟ್ಟೆ ಹೊದಿಸಿ, ಮೊಟ್ಟೆ ಕೊಡಿ. ದಿನಾ ಒಂದೊಂದು ಹೋಗುತ್ತಿದ್ದರೆ ಮಾತ್ರ ತಾಯಿಯ ಆರೋಗ್ಯ ತೋರಿಸಿ.

ತುಣುಕೂ ಇಲ್ಲದೆ ಮಾಯವಾಗಿದ್ದರೆ ತಂತಿಯ ಸಂದು ನೋಡಿ. ದೊಡ್ಡ ಇಲಿಯ ಪಂಜರದ ಸಂದಿನಲ್ಲಿ ಮರಿ ಸಲೀಸಾಗಿ ಜಾರುತ್ತದೆ. ತಾಯಿ ಏಳುವಾಗ ತೊಟ್ಟು ಕಚ್ಚಿಕೊಂಡೇ ಇದ್ದ ಮರಿ ಗೂಡಿನಾಚೆ ಬೀಳುವುದೂ ಉಂಟು. ಬಾಣಂತನಕ್ಕೆ ದೊಡ್ಡ ಪ್ಲಾಸ್ಟಿಕ್ ಡಬ್ಬವೇ ವಾಸಿ, ಮುಚ್ಚಳಕ್ಕೆ ಜಾಲರಿ ಹಾಕಿ. ಹಾಸಲು ಪೇಪರ್ ಚೂರು, ಟಿಶ್ಯೂ. ಹತ್ತಿ, ದಾರ ಬೇಡ, ಮರಿಯ ಕಾಲಿಗೆ ಸುತ್ತಿಕೊಂಡು ರಕ್ತ ನಿಲ್ಲಿಸುತ್ತದೆ. ಪೈನ್ ಮರದ ಹೊಟ್ಟೂ ಬೇಡ, ಅದರ ಘಾಟು ಉಸಿರಿಗೆ ಕೆಟ್ಟದ್ದು.

ನಮ್ಮ ಕಡೆ ಮರೆಯುವ ಶತ್ರು ಇರುವೆ. ಮೊಟ್ಟೆ ಚೂರಿಗೆ ಬಂದ ಕೆಂಪಿರುವೆ ಕೂದಲಿಲ್ಲದ ಮರಿಯನ್ನು ಬಿಡುವುದಿಲ್ಲ. ಅಜ್ಜಿ ಜಾಲರಿ ಬೀರುವಿನ ಕಾಲಿಗೆ ಇಡುತ್ತಿದ್ದ ಹಾಗೆ, ಡಬ್ಬ ಇಟ್ಟ ಸ್ಟೂಲಿನ ನಾಲ್ಕೂ ಕಾಲಿಗೆ ನೀರಿನ ಬಟ್ಟಲು ಇಡಿ. ಇರುವೆಗೆ ಎಳೆಯುವ ಸೀಮೆಸುಣ್ಣ ವಿಷ, ಡಬ್ಬದ ಹತ್ತಿರ ತರಬೇಡಿ.

ಚಳಿ, ಸೆಕೆ

ಮರಿಗಳು ಒಂದರ ಮೇಲೊಂದು ಬಿಗಿಯಾಗಿ ರಾಶಿ ಬಿದ್ದು ಮೈ ತಣ್ಣಗಿದ್ದರೆ ಚಳಿ, ಬಿಡಿಬಿಡಿಯಾಗಿ ಹರಡಿ ಮಲಗಿದ್ದರೆ ಸೆಕೆ. ಚಳಿಯಾದರೆ ಬಿಸಿನೀರಿನ ಬಾಟಲಿಯನ್ನು ಟವೆಲ್‌ನಲ್ಲಿ ಸುತ್ತಿ ಡಬ್ಬದ ಒಂದೇ ಪಕ್ಕಕ್ಕೆ, ಹೊರಗಿನಿಂದ ಒರಗಿಸಿ. ತಾಯಿಗೆ ಬೇಡವೆನ್ನಿಸಿದರೆ ಮರಿಗಳನ್ನು ಇನ್ನೊಂದು ಪಕ್ಕಕ್ಕೆ ಹೊತ್ತೊಯ್ಯಲು ಜಾಗ ಇರಲಿ.

ರಾಯಚೂರು, ಕಲಬುರಗಿಯ ಏಪ್ರಿಲ್‌ನಲ್ಲಿ ತೊಂದರೆ ತಾಯಿಗೆ. ಇಲಿ ಬೆವರುವುದಿಲ್ಲ, ಬಾಲದಿಂದ ಬಿಸಿ ಬಿಡುತ್ತದೆ. ಮೈ ಚಪ್ಪಟೆಯಾಗಿ ಚಾಚಿ, ಬಾಯಿ ತೆರೆದು ಉಸಿರಾಡುತ್ತಿದ್ದರೆ ಬಾಲ, ಪಾದಕ್ಕೆ ಸಾಧಾರಣ ನೀರು ಸವರಿ, ತಂಪಾದ ಕೋಣೆಗೆ ಒಯ್ದು, ಡಾಕ್ಟರಿಗೆ ಫೋನ್ ಮಾಡಿ. ಐಸ್ ನೀರು ಬೇಡ.

"ಕಣ್ಣಿಂದ ರಕ್ತ ಬರುತ್ತಿದೆ"

ರಕ್ತವಲ್ಲ. ಇಲಿಯ ಕಣ್ಣೀರಿನಲ್ಲೇ ಕೆಂಪು ಬಣ್ಣ ಇದೆ. ಆಯಾಸವಾದಾಗ, ಹುಷಾರಿಲ್ಲದಾಗ ಕಣ್ಣು, ಮೂಗಿನ ಸುತ್ತ ಕೆಂಪಗೆ ಕಟ್ಟುತ್ತದೆ. ಒರೆಸಿ. ಜೊತೆಗೆ ಸೀನು, ಗೊರಗೊರ ಉಸಿರು ಇದ್ದರೆ ತೋರಿಸಿ. ಮರಿಗಳು ಕಣ್ಣು ಬಿಡುವುದು ಸುಮಾರು 14ನೇ ದಿನ. ಒಂದು ಕಣ್ಣು ಅಂಟಿಕೊಂಡೇ ಇದ್ದರೆ ಉಗುರುಬೆಚ್ಚನೆ ನೀರಲ್ಲಿ ಅದ್ದಿದ ಬಟ್ಟೆ ಒತ್ತಿ, ಬೆರಳಿಂದ ಬಿಡಿಸಬೇಡಿ.

"ಇದು ಗಂಡೋ ಹೆಣ್ಣೋ?"

ಇದು ಕೊನೆಯ ದೋಷ, ಎಲ್ಲಕ್ಕಿಂತ ದುಬಾರಿಯಾದದ್ದು ಕೂಡ. ನಾನು ಈ ಗತಿಗೆ ಬಂದದ್ದೇ ಇದನ್ನು ಯಾರೋ ತಪ್ಪು ನೋಡಿದ್ದರಿಂದ. ಐದು ವಾರಕ್ಕೆ ಇಲಿಗಳು ಪ್ರಾಯಕ್ಕೆ ಬರುತ್ತವೆ. ಅಣ್ಣ ತಂಗಿ, ತಾಯಿ ಮಗ ಅಂತ ಏನೂ ಇಲ್ಲ. ಹಾಗಾಗಿ ಐದು ವಾರ ತುಂಬುವ ಮೊದಲೇ ಗಂಡುಮರಿಗಳು ಬೇರೆ ಡಬ್ಬಕ್ಕೆ ಹೋಗಬೇಕು.

ಸುಲಭದ ಹೊತ್ತು 9–10ನೇ ದಿನದ ಆಸುಪಾಸು. ಹೊಟ್ಟೆ ಮೇಲೆ ಎರಡು ಸಾಲು ಚುಕ್ಕಿ ಕಂಡರೆ ಹೆಣ್ಣು, ಇಲ್ಲದಿದ್ದರೆ ಗಂಡು. ಎರಡು ದಿನ ತಡ ಮಾಡಿದರೆ ಕೂದಲು ಮುಚ್ಚಿಕೊಳ್ಳುತ್ತದೆ. ಆಮೇಲೆ ಬಾಲದ ಬುಡ ನೋಡಬೇಕು. ಗಂಡಿನಲ್ಲಿ ಎರಡು ತೂತುಗಳ ನಡುವೆ ಅಂತರ ಜಾಸ್ತಿ, ಹೆಣ್ಣಿನಲ್ಲಿ ಕಡಿಮೆ. ಒಂದನ್ನೇ ನೋಡಿದರೆ ಏನೂ ಗೊತ್ತಾಗುವುದಿಲ್ಲ, ಎರಡು ಮರಿ ಪಕ್ಕಪಕ್ಕ ಹಿಡಿದರೆ ಗೊತ್ತಾಗುತ್ತದೆ.

ನಾನು ಆ ಎರಡು ದಿನ ಆಫೀಸಿನ ಕೆಲಸದಲ್ಲಿ ಕಳೆದುಕೊಂಡೆ. ನಾಲ್ಕನೇ ವಾರ ಬೆಳಗ್ಗೆ ಆರೂವರೆಗೆ ನೋಡಿ, 6 ಹೆಣ್ಣು, 4 ಗಂಡು ಅಂತ ಬೇರೆ ಮಾಡಿದೆ. ಗಂಡಿಲಿ ತನ್ನ ಬೀಜವನ್ನು (ವೃಷಣವನ್ನು) ಒಳಕ್ಕೆ ಎಳೆದುಕೊಳ್ಳಬಲ್ಲದು, ಚಳಿಯಲ್ಲಂತೂ ಎಳೆದೇ ಇರುತ್ತದೆ. 33ನೇ ದಿನ ಮಧ್ಯಾಹ್ನ, ಕಿಟಕಿಯ ಬಿಸಿಲಲ್ಲಿ ಮಲಗಿದ್ದ ಹೆಣ್ಣುಮಕ್ಕಳಲ್ಲಿ ಒಂದು ಮಗ್ಗುಲು ಬದಲಿಸಿತು. ಅಡಿಕೆಯಷ್ಟು ದಪ್ಪ ಎರಡು ಕಂಡವು. ಅವತ್ತೇ ಅದನ್ನು ಆಚೆ ಡಬ್ಬಕ್ಕೆ ಹಾಕಿದೆ. ಅಡುಗೆಮನೆಯ ಕ್ಯಾಲೆಂಡರಿನಲ್ಲಿ ಅಲ್ಲಿಂದ 23 ದಿನ ಎಣಿಸಿ ಒಂದು ಸುತ್ತು ಹಾಕಿದೆ. "ಇದೇನೋ ಏಕಾದಶಿಯೂ ಅಲ್ಲ, ಹಬ್ಬವೂ ಅಲ್ಲ" ಅಂತ ಅಮ್ಮ ಕೇಳಿದರು. ದಿನಾ ಐದು ಹೆಣ್ಣುಮರಿಗಳನ್ನೂ ಕೊಬ್ರಿಯನ್ನೂ ತೂಗಿದೆ. ಆ ದಿನ ಬಂತು, ಹೋಯಿತು. ಯಾರ ಹೊಟ್ಟೆಯೂ ಪಕ್ಕಕ್ಕೆ ಉಬ್ಬಲಿಲ್ಲ.